ಅಂಪೈರ್ ಅತ್ತ ಮಧ್ಯಾಹ್ನ

2010ರ ಬೇಸಿಗೆಯನ್ನು ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಸಮೀಪದ ಮಗಳ ಮನೆಯಲ್ಲಿ ಕಳೆದೆ. ಬಾಣಂತನಕ್ಕೆಂದು ಹೋದ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತಿರುವ ಸಂಗತಿಯೇ: ಮೊದಲ ತಿಂಗಳು ಎಲ್ಲವೂ ಅಚ್ಚರಿ, ಎರಡನೆಯ ತಿಂಗಳಿನಿಂದ ಕಿಟಕಿಯೇ ಗತಿ. ಹೆಂಡತಿಗೆ ಮೊಮ್ಮಗುವಿನ ಎಣ್ಣೆನೀರಿನ ಕೆಲಸವಾದರೂ ಇತ್ತು, ನನಗೆ ಅದೂ ಇರಲಿಲ್ಲ. ಹಾಗಾಗಿ ಸಂಜೆ ಅಳಿಯ ಟೀವಿಯಲ್ಲಿ ಬೇಸ್‌ಬಾಲ್ ಹಾಕಿದರೆ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಅದು ಮೊದಮೊದಲು ಆಟದ ಹಾಗೇ ಕಾಣಲಿಲ್ಲ. ಬ್ಯಾಟಿಗೆ ಚೆಂಡು ಸರಿಯಾಗಿ ಸಿಗುವುದೇ ಅಪರೂಪ, ಸಿಕ್ಕರೂ ಬಹುಪಾಲು ಔಟು. ಇದೇನಪ್ಪಾ, ಸೋಲುವುದನ್ನೇ ಆಟ ಮಾಡಿಕೊಂಡಿದ್ದಾರಲ್ಲ ಎಂದೆ. ಹತ್ತು ಸಲ ಬ್ಯಾಟು ಹಿಡಿದು ಮೂರು ಸಲ ಸರಿಯಾಗಿ ಹೊಡೆದವನು ಇಲ್ಲಿ ದೊಡ್ಡ ಆಟಗಾರ ಮಾವ, ಎಂದು ಅಳಿಯ ನಕ್ಕ.

ಜೂನ್ 2, ಬುಧವಾರ. ಊರಿನ ತಂಡ ಡೆಟ್ರಾಯಿಟ್ ಟೈಗರ್ಸ್‌ಗೂ ಕ್ಲೀವ್‌ಲ್ಯಾಂಡ್ ತಂಡಕ್ಕೂ ಪಂದ್ಯ. ಟೈಗರ್ಸ್ ಪರವಾಗಿ ಚೆಂಡೆಸೆಯುತ್ತಿದ್ದವನು ವೆನೆಜುವೆಲಾದ ಆರ್ಮಾಂಡೊ ಗಲರಾಗಾ, 28 ವರ್ಷದವನು. ಕೆಲವೇ ವಾರಗಳ ಹಿಂದೆ ಕೆಳದರ್ಜೆಯ ತಂಡದಿಂದ ಮೇಲಕ್ಕೆ ಕರೆಸಿಕೊಂಡಿದ್ದರು, ಯಾರೂ ಅವನಿಂದ ವಿಶೇಷವೇನನ್ನೂ ನಿರೀಕ್ಷಿಸಿರಲಿಲ್ಲ. ಆರನೆಯದೋ ಏಳನೆಯದೋ ಸರದಿಯ ಹೊತ್ತಿಗೆ ಅಳಿಯ ಸೋಫಾದ ಅಂಚಿಗೆ ಬಂದು ಕೂತಿದ್ದ. ಏನಾಯಿತು ಎಂದರೆ ಬಾಯಿಯ ಮೇಲೆ ಬೆರಳಿಟ್ಟ. ಅದನ್ನು ಬಾಯಿಬಿಟ್ಟು ಹೇಳಿದರೆ ಕೆಟ್ಟುಹೋಗುತ್ತದಂತೆ! ಪುಟ್ಟ ಮಗುವಿಗೆ ದೃಷ್ಟಿಬೊಟ್ಟು ಇಡುವ ನಮ್ಮನ್ನು ನೋಡಿ ನಗುವ ದೇಶ ಅದು.

ಆಮೇಲೆ ಪಿಸುಮಾತಿನಲ್ಲಿ ವಿವರಿಸಿದ. ಬೇಸ್‌ಬಾಲಿನಲ್ಲಿ ಒಂದು ತಂಡಕ್ಕೆ ಒಂಬತ್ತು ಸರದಿ, ಸರದಿಗೆ ಮೂರು ಔಟು, ಒಟ್ಟು 27. ಬಂದ 27 ಮಂದಿಯಲ್ಲಿ ಒಬ್ಬನೂ ಯಾವ ರೀತಿಯಿಂದಲೂ ಮೊದಲನೆಯ ಬೇಸನ್ನು ಮುಟ್ಟದಂತೆ ತಡೆದರೆ ಅದನ್ನು ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಪರಿಪೂರ್ಣ ಆಟ. 1880ರಿಂದ ಅಲ್ಲಿಯವರೆಗಿನ 130 ವರ್ಷಗಳಲ್ಲಿ ಅದು ನಡೆದಿದ್ದು 20 ಸಲ ಮಾತ್ರ. ಡೆಟ್ರಾಯಿಟ್ ತಂಡದ ಯಾರಿಗೂ ಅದು ದಕ್ಕಿರಲಿಲ್ಲ.

26 ಮಂದಿ ಔಟಾದರು. ಒಂಬತ್ತನೆಯ ಸರದಿಯ ಮೊದಲ ಹೊಡೆತ ಬಹುದೂರ ಹೋಗಿತ್ತು. ಆಸ್ಟಿನ್ ಜಾಕ್ಸನ್ ಎಂಬ ಹುಡುಗ ಬೆನ್ನು ತಿರುಗಿಸಿ ಓಡುತ್ತ ಓಡುತ್ತ ಹೆಗಲ ಮೇಲಿಂದ ಅದನ್ನು ಹಿಡಿದಾಗ ನಾನೂ ಎದ್ದು ನಿಂತಿದ್ದೆ. 27ನೆಯವನು ಜೇಸನ್ ಡೊನಾಲ್ಡ್. ಅವನು ಹೊಡೆದ ಚೆಂಡು ನೆಲದ ಮೇಲೆ ಉರುಳಿತು. ಮಿಗೆಲ್ ಕಬ್ರೆರಾ ಬಲಕ್ಕೆ ಓಡಿ ಅದನ್ನೆತ್ತಿಕೊಂಡು, ಮೊದಲ ಬೇಸಿನತ್ತ ಓಡಿ ಬರುತ್ತಿದ್ದ ಗಲರಾಗಾನಿಗೆ ಎಸೆದ. ಗಲರಾಗಾ ಹಿಡಿದ, ಬೇಸನ್ನು ಮೆಟ್ಟಿದ. ಡೊನಾಲ್ಡನ ಕಾಲು ಇನ್ನೂ ಹಿಂದೆ ಇತ್ತು. ನನ್ನಂಥ ಅನಕ್ಷರಸ್ಥನಿಗೂ ಅದು ಕಾಣಿಸಿತು.

ಮೊದಲ ಬೇಸಿನ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈಗಳನ್ನು ಅಗಲಿಸಿ ಔಟಲ್ಲ ಎಂದ.

ಟೈಗರ್ಸ್ ತಂಡದವರು ಕೂಗಾಡಿದರು. ಮ್ಯಾನೇಜರ್ ಜಿಮ್ ಲೇಲ್ಯಾಂಡ್ ಮೈದಾನಕ್ಕೆ ಬಂದ. ಆದರೆ ನನಗೆ ನೆನಪಿರುವುದು ಗಲರಾಗಾನ ಮುಖ. ಅವನು ನಕ್ಕ. ವ್ಯಂಗ್ಯದ ನಗೆಯಲ್ಲ, ಸೋತ ನಗೆಯೂ ಅಲ್ಲ. ಬಸ್ಸು ಕಣ್ಣೆದುರೇ ಹೊರಟುಹೋದಾಗ ಪಕ್ಕದವರನ್ನು ನೋಡಿ ನಗುತ್ತೇವಲ್ಲ, ಹಾಗೆ. ಮತ್ತೆ ಹಿಂದಿರುಗಿ ಚೆಂಡೆಸೆದು ಮುಂದಿನವನನ್ನು ಔಟ್ ಮಾಡಿದ. ಟೈಗರ್ಸ್ 3-0ಯಿಂದ ಗೆದ್ದಿತು. ಗೆದ್ದದ್ದು ಆ ರಾತ್ರಿ ಯಾರಿಗೂ ಬೇಕಾಗಿರಲಿಲ್ಲ.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಜಾಯ್ಸ್‌ಗೆ ಆಗ 54 ವರ್ಷ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅಂಪೈರಿಂಗ್ ಮಾಡಿದವನು, ದಪ್ಪ ಮೀಸೆಯವನು, ಆಟಗಾರರೇ ಒಳ್ಳೆಯ ಅಂಪೈರ್ ಎಂದು ಒಪ್ಪಿದವನು. ಕೈ ಅಗಲಿಸಿದ ಕ್ಷಣದಲ್ಲಿ ಅವನಿಗೆ ತನ್ನ ನಿರ್ಧಾರದ ಬಗ್ಗೆ ಸಂಶಯವೇ ಇರಲಿಲ್ಲ. ಪಂದ್ಯ ಮುಗಿದ ಮೇಲೆ ಅಂಪೈರುಗಳ ಕೋಣೆಗೆ ಹೋಗಿ ಮರುಪ್ರಸಾರ ನೋಡಿದ. ಕಂಡಿತು. ಆಮೇಲೆ ಅವನು ಮಾಡಿದ್ದು ಎರಡು ಕೆಲಸ. ಪತ್ರಕರ್ತರನ್ನು ಒಳಗೆ ಬಿಟ್ಟುಕೊಂಡು, ತಪ್ಪು ನನ್ನದೇ, ಆ ಹುಡುಗನ ಪರ್ಫೆಕ್ಟ್ ಗೇಮನ್ನು ನಾನು ಹಾಳುಮಾಡಿದೆ ಎಂದ. ಮತ್ತು ಗಲರಾಗಾನನ್ನು ನೋಡಬೇಕೆಂದು ಹೇಳಿಕಳಿಸಿ, ಅವನು ಬಂದಾಗ ಅಪ್ಪಿಕೊಂಡು ಅಳುತ್ತ ಕ್ಷಮೆ ಕೇಳಿದ. ಯಾರೂ ಪರಿಪೂರ್ಣರಲ್ಲವಲ್ಲ ಎಂದು ಗಲರಾಗಾ ಹೇಳಿದನಂತೆ. ಆ ದಿನ, ಅವನ ಬಾಯಲ್ಲಿ, ಆ ಮಾತು! ಅರ್ಧ ಗಂಟೆ ಹಿಂದೆ ಆ ಪದವೇ ಅವನಿಂದ ಕಿತ್ತುಹೋಗಿತ್ತು.

ಮಾರನೆಯ ಮಧ್ಯಾಹ್ನ ಅದೇ ತಂಡಗಳ ನಡುವೆ ಮತ್ತೊಂದು ಪಂದ್ಯ. ಸರದಿಯ ಪ್ರಕಾರ ಅಂದು ಮುಖ್ಯ ಅಂಪೈರ್ ಜಾಯ್ಸ್. ಬೇಕಿದ್ದರೆ ರಜೆ ತೆಗೆದುಕೊ ಎಂದಿದ್ದರಂತೆ, ಅವನು ಒಪ್ಪಲಿಲ್ಲ. ಪಂದ್ಯಕ್ಕೆ ಮೊದಲು ಪ್ರತಿ ತಂಡದಿಂದ ಒಬ್ಬರು ಆಟಗಾರರ ಪಟ್ಟಿಯನ್ನು ಅಂಪೈರಿಗೆ ಕೊಡಬೇಕು. ಸಾಮಾನ್ಯವಾಗಿ ಮ್ಯಾನೇಜರ್ ಕೊಡುತ್ತಾನೆ. ಅಂದು ಲೇಲ್ಯಾಂಡ್ ಆ ಕೆಲಸಕ್ಕೆ ಗಲರಾಗಾನನ್ನು ಕಳಿಸಿದ. ಅಳಿಯ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ಎಲ್ಲರೂ ಮಲಗಿದ್ದರು, ನಾನೊಬ್ಬನೇ ಟೀವಿಯ ಮುಂದಿದ್ದೆ. ಗಲರಾಗಾ ಹತ್ತಿರ ಬರುತ್ತಿದ್ದಂತೆ ಜಾಯ್ಸ್ ಕಣ್ಣೊರೆಸಿಕೊಂಡ. ಪಟ್ಟಿ ಕೈ ಬದಲಾಯಿತು. ಜಾಯ್ಸ್ ಅವನ ಭುಜವನ್ನು ತಟ್ಟಿದ. ಹಿಂದಿನ ರಾತ್ರಿ ಅವನನ್ನು ಬೈದಿದ್ದ ಊರೇ ಚಪ್ಪಾಳೆ ತಟ್ಟಿತು.

ನಾನು ಟೀವಿ ಆರಿಸಿ ಹಿತ್ತಿಲಿಗೆ ಹೋದೆ. ಕಾರಣವಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಬೇಸ್‌ಬಾಲಿನ ಸ್ಕೋರ್ ಬೋರ್ಡಿನಲ್ಲಿ ಒಂದು ವಿಚಿತ್ರ ಅಂಕಣವಿದೆ. ಮೊದಲು ರನ್ನು, ಆಮೇಲೆ ಹಿಟ್ಟು, ಅದರ ಪಕ್ಕದಲ್ಲಿ ಎರರ್. ಅಂದರೆ ತಪ್ಪು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನನ್ನು ಜನ ಬೈಯುತ್ತಾರೆ, ಆದರೆ ಸ್ಕೋರ್ ಪುಸ್ತಕ ಅವನ ಮಾನ ಕಾಯುತ್ತದೆ, ಅಲ್ಲಿ ಅದಕ್ಕೆ ಜಾಗವಿಲ್ಲ. ಬೇಸ್‌ಬಾಲಿನಲ್ಲಿ ಹಿಡಿಯಬೇಕಾದ್ದನ್ನು ಹಿಡಿಯದಿದ್ದರೆ ಅದು ಅವನ ಹೆಸರಿನಲ್ಲಿ ಬರೆದಿಟ್ಟ ತಪ್ಪು, ಅವನು ಸತ್ತ ಮೇಲೂ ಇರುತ್ತದೆ. ಆದರೆ ಆ ಅಂಕಣ ಆಟಗಾರನಿಗೆ ಮಾತ್ರ. ಅಂಪೈರಿನ ತಪ್ಪಿಗೆ ಅಂಕಣವಿಲ್ಲ. ಹಾಗಾಗಿ ಆ ದಿನದ ದಾಖಲೆಯಲ್ಲಿ ಜಾಯ್ಸ್‌ನ ತಪ್ಪು ಎಲ್ಲಿಯೂ ಇಲ್ಲ. ಅದು ಡೊನಾಲ್ಡನ ಹೆಸರಿನ ಮುಂದೆ ಒಂದು ಹಿಟ್ ಆಗಿ ವೇಷ ಹಾಕಿಕೊಂಡು ಕೂತಿದೆ. ತೀರ್ಪು ಕೊಡುವವರ ತಪ್ಪು ಹೀಗೆಯೇ ದಾಖಲಾಗುತ್ತದೆ ಎನ್ನುವುದನ್ನು ನಾನು ಮೇಷ್ಟರಾಗಿ ಬಲ್ಲೆ. ನಮ್ಮ ತಪ್ಪು ಬೇರೊಬ್ಬರ ಖಾತೆಯಲ್ಲಿ, ಬೇರೊಂದು ಹೆಸರಿನಲ್ಲಿ ಇರುತ್ತದೆ.

ಬರೆದಿಟ್ಟ ತಪ್ಪಿನ ಕತೆ ಕೇಳಬೇಕೆಂದರೆ ಬಿಲ್ ಬಕ್ನರ್‌ನದು ಕೇಳಬೇಕು. ಅಳಿಯ ಅದನ್ನು ಆ ವಾರವೇ ಹೇಳಿದ, ಆಮೇಲೆ ನಾನೇ ಹುಡುಕಿಕೊಂಡು ಓದಿದೆ. 1986ರ ಅಕ್ಟೋಬರ್ 25, ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ, ನ್ಯೂಯಾರ್ಕಿನ ಷೇ ಸ್ಟೇಡಿಯಂ. 1918ರಿಂದ ಗೆಲುವನ್ನೇ ಕಾಣದ ಬಾಸ್ಟನ್ ರೆಡ್ ಸಾಕ್ಸ್, ಹತ್ತನೆಯ ಸರದಿಯಲ್ಲಿ 5-3ರಿಂದ ಮುಂದಿತ್ತು. ಎದುರಾಳಿಗಳದ್ದು ಎರಡು ಔಟಾಗಿತ್ತು, ಇನ್ನೊಂದು ಸಿಕ್ಕರೆ ಪ್ರಶಸ್ತಿ. ಆಮೇಲೆ ಮೂರು ಹಿಟ್, ಒಂದು ಹಾದಿ ತಪ್ಪಿದ ಎಸೆತ, ಸ್ಕೋರು ಸಮ. ಆಗ ಮೂಕಿ ವಿಲ್ಸನ್ ಹೊಡೆದ ಚೆಂಡು ಮೊದಲ ಬೇಸಿನಲ್ಲಿದ್ದ ಬಕ್ನರ್‌ನ ಎರಡು ಕಾಲುಗಳ ನಡುವೆ ತೂರಿಹೋಯಿತು. ಪಂದ್ಯ ಹೋಯಿತು. ಏಳನೆಯ ಪಂದ್ಯವನ್ನೂ ಬಾಸ್ಟನ್ ಸೋತಿತು.

ಲೆಕ್ಕ ಹಾಕಿದರೆ ಬಕ್ನರ್‌ನ ಪಾಲು ಎಷ್ಟು? ಚೆಂಡು ಅವನ ಬಳಿಗೆ ಬರುವ ಮೊದಲೇ ಮುನ್ನಡೆ ಕರಗಿತ್ತು. ಅವನ ಕಣಕಾಲುಗಳು ಹಾಳಾಗಿದ್ದವು, ಕೊನೆಯ ಹೊತ್ತಿನಲ್ಲಿ ಅವನ ಬದಲು ಬೇರೊಬ್ಬನನ್ನು ನಿಲ್ಲಿಸುವುದೇ ರೂಢಿಯಾಗಿತ್ತು, ಅಂದು ಮ್ಯಾನೇಜರ್ ನಿಲ್ಲಿಸಲಿಲ್ಲ. ಸೋತ ಮೇಲೂ ಇನ್ನೊಂದು ಪಂದ್ಯ ಉಳಿದಿತ್ತು. ಆದರೆ ಜನಕ್ಕೆ ಲೆಕ್ಕ ಬೇಕಿರಲಿಲ್ಲ, ಒಂದು ಮುಖ ಬೇಕಿತ್ತು. 22 ಋತುಗಳಲ್ಲಿ 2,715 ಹಿಟ್ ಹೊಡೆದ, 1980ರಲ್ಲಿ ತನ್ನ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದ ಮನುಷ್ಯ ಒಂದು ಉರುಳುವ ಚೆಂಡಾಗಿಬಿಟ್ಟ. ಬೆದರಿಕೆ, ಕುಹಕ, ಅಂಗಡಿಯಲ್ಲಿ ಹೋಟೆಲಿನಲ್ಲಿ ಅದೇ ಮಾತು. ಕೊನೆಗೆ ಸಂಸಾರ ಸಮೇತ ದೂರದ ಐಡಹೋ ರಾಜ್ಯಕ್ಕೆ ಹೋದ.

ನಾನು ಜಾಯ್ಸ್‌ನನ್ನೂ ಬಕ್ನರ್‌ನನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಯೋಚಿಸಿದ್ದೇನೆ. ಜಾಯ್ಸ್ ಒಂದೇ ರಾತ್ರಿಯಲ್ಲಿ ಪಾರಾದ, ಬಕ್ನರ್‌ಗೆ ಇಪ್ಪತ್ತು ವರ್ಷ ಬೇಕಾಯಿತು. ಏಕೆ? ಜಾಯ್ಸ್ ಹೆಚ್ಚು ಪ್ರಾಮಾಣಿಕ ಎಂದೇ? ಅಲ್ಲ. ಜಾಯ್ಸ್‌ನ ತಪ್ಪಿಗೆ ಒಬ್ಬ ಒಡೆಯನಿದ್ದ. ನಷ್ಟ ಇಡಿಯಾಗಿ ಗಲರಾಗಾನದು, ಆದ್ದರಿಂದ ಕ್ಷಮಿಸುವ ಹಕ್ಕೂ ಅವನದೇ, ಅವನು ಕ್ಷಮಿಸಿದ ಮೇಲೆ ಊರಿಗೆ ಬೇರೆ ಮಾತಿರಲಿಲ್ಲ. ಬಕ್ನರ್ ಯಾರ ಬಳಿ ಹೋಗಬೇಕಿತ್ತು? ನಮ್ಮ ಕನಸು ಹೋಯಿತು ಎಂದು ಲಕ್ಷಾಂತರ ಜನ ಹೇಳಿದರು, ಆದರೆ ನನ್ನದು ಹೋಯಿತು, ಬಾ, ಕೂತುಕೋ, ಹೋಗಲಿ ಬಿಡು ಅನ್ನಬಲ್ಲ ಒಬ್ಬನೂ ಅಲ್ಲಿರಲಿಲ್ಲ. ಗುಂಪಿಗೆ ಗಾಯವಾಗುತ್ತದೋ ಇಲ್ಲವೋ ಗೊತ್ತಿಲ್ಲ, ಗುಂಪಿಗೆ ಅಪ್ಪಿಕೊಳ್ಳುವ ತೋಳಂತೂ ಇಲ್ಲ. 2004ರಲ್ಲಿ ಗೆದ್ದು, 2007ರಲ್ಲಿ ಮತ್ತೆ ಗೆದ್ದು, ಹೊಟ್ಟೆ ತುಂಬಿದ ಮೇಲೆ ಬಾಸ್ಟನ್ ಅವನನ್ನು 2008ರ ಏಪ್ರಿಲ್‌ನಲ್ಲಿ ತವರಿನ ಮೊದಲ ಪಂದ್ಯಕ್ಕೆ ಕರೆಸಿತು. ಜನ ಎದ್ದುನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು, ಬಕ್ನರ್ ಕಣ್ಣೊರೆಸಿಕೊಂಡ. ಊರು ಕ್ಷಮಿಸಿತು ಎಂದು ಬರೆದವರಿದ್ದಾರೆ. ಆದರೆ ಆ ದಿನ ಬಕ್ನರ್ ಹೇಳಿದ್ದು ಬೇರೆ: ಕ್ಷಮಿಸಬೇಕಾಗಿದ್ದವನು ತಾನು, ಅಭಿಮಾನಿಗಳನ್ನು ಅನ್ನುವುದಕ್ಕಿಂತ ಮಾಧ್ಯಮದವರನ್ನು. ಆ ಮಾತು ಓದಿದಾಗ ನನಗೆ ಖುಷಿಯಾಯಿತು. ಯಾರು ಯಾರ ಸಾಲಗಾರ ಎನ್ನುವುದನ್ನು ಅವನೊಬ್ಬ ಸರಿಯಾಗಿ ಬರೆದಿಟ್ಟುಕೊಂಡಿದ್ದ.

ನಮ್ಮ ಕಾಲೇಜಿನಲ್ಲಿ ಜೈನರಾದ ಒಬ್ಬ ಸಹೋದ್ಯೋಗಿ ಇದ್ದರು. ಪ್ರತಿ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈಮುಗಿಯುತ್ತಿದ್ದರು. ನಾವು ಮುಜುಗರದಿಂದ ನಗುತ್ತಿದ್ದೆವು. ಎಲ್ಲರನ್ನೂ ಒಟ್ಟಿಗೆ ಸೇರಿಸಿ ಹೇಳಿಬಿಡಬಾರದೇ ಎಂದು ಒಮ್ಮೆ ಕೇಳಿದೆ. ಒಟ್ಟಿಗೆ ಹೇಳಿದರೆ ಅದು ಭಾಷಣವಾಗುತ್ತದೆ ಎಂದರು.

ಇನ್ನು ದಾಖಲೆಯ ಪ್ರಶ್ನೆ. ಬೇಸ್‌ಬಾಲಿನ ಕಮಿಷನರ್ ಬಡ್ ಸೆಲಿಗ್ ಅಂದಿನ ತೀರ್ಪನ್ನು ತಿದ್ದಲು ಒಪ್ಪಲಿಲ್ಲ. ಅಂಪೈರೇ ತಪ್ಪೊಪ್ಪಿಕೊಂಡಿದ್ದಾನೆ, ಎದುರು ತಂಡಕ್ಕೂ ನಷ್ಟವಿಲ್ಲ, ಮುಂದಿನವನು ಔಟಾಗಿ ಪಂದ್ಯ ಮುಗಿದದ್ದರಿಂದ ಏನೂ ಬದಲಾಗುವುದಿಲ್ಲ, ಆದರೂ ಇಲ್ಲ. ಮಿಷಿಗನ್‌ನ ಗವರ್ನರ್ ಇದು ಪರ್ಫೆಕ್ಟ್ ಗೇಮೇ ಎಂದು ಒಂದು ಘೋಷಣೆ ಹೊರಡಿಸಿದಳು. ಸರ್ಕಾರಿ ಘೋಷಣೆಗಳಲ್ಲಿ ನಾನು ಕಂಡ ನಿರುಪದ್ರವಿಯಾದದ್ದು ಅದೊಂದೇ. ಕಾರಿನ ಕಂಪನಿ ಗಲರಾಗಾನಿಗೆ ಒಂದು ಕಾರ್ವೆಟ್ ಕೊಟ್ಟಿತು. ಸೆಲಿಗ್‌ನ ಪರವಾದ ವಾದ ಹಗುರವಾದದ್ದೇನಲ್ಲ. ಇದೊಂದನ್ನು ತಿದ್ದಿದರೆ ನೂರು ವರ್ಷಗಳ ಎಷ್ಟು ಪಂದ್ಯಗಳ ಕಡತ ಬಿಚ್ಚಬೇಕು? ಮೈದಾನದಲ್ಲಿ ಹೇಳಿದ್ದೇ ಕೊನೆಯ ಮಾತು ಎಂಬ ನಂಬಿಕೆಯಿಲ್ಲದಿದ್ದರೆ ಆಟ ನಡೆಯುವುದು ಹೇಗೆ?

ನಮಗೆ ಇದಕ್ಕೆ ಇನ್ನೊಂದು ಬಗೆಯ ಉತ್ತರ ಗೊತ್ತಿದೆ. 1980ರ ಬಾಂಬೆ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ನಮ್ಮ ಭದ್ರಾವತಿಯ ವಿಶ್ವನಾಥ್ ನಾಯಕನಾಗಿ ವಾಪಸ್ಸು ಕರೆದರು. ಟೇಲರ್ 43 ಹೊಡೆದ, ಬಾಥಮ್ ಜೊತೆ 171 ರನ್ನಿನ ಜೊತೆಯಾಟ, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ವಿಶ್ವನಾಥ್ ಮಾಡಿದ್ದು ತಪ್ಪು ಎನ್ನುವವರು ಈಗಲೂ ಇದ್ದಾರೆ. ನಾನು ಆ ಗುಂಪಿನವನಲ್ಲ. ತಿದ್ದಲು ಸಾಧ್ಯವಿದ್ದಾಗ ತಿದ್ದಬೇಕು. ಸೆಲಿಗ್ ತಿದ್ದಬೇಕಿತ್ತು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ನಿಯಮ ಮುಗಿಯಿತು, ಇನ್ನೇನೂ ಮಾಡುವಂತಿಲ್ಲ ಎಂಬ ದನಿಯನ್ನು ನಾನು ಒಳಗಿನಿಂದ ಬಲ್ಲೆ. ಅದು ನನ್ನದೇ ದನಿ.

1988ರಲ್ಲಿ ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಲೆಕ್ಚರರ್ ಆಗಿದ್ದೆ. ಪಿಯುಸಿ ಪರೀಕ್ಷೆಯ ಒಂದು ದಿನ ನನ್ನ ಕೋಣೆಯಲ್ಲಿ ಒಬ್ಬ ಹುಡುಗನ ಬೆಂಚಿನ ಕೆಳಗೆ ಚೀಟಿ ಸಿಕ್ಕಿತು. ನನ್ನದಲ್ಲ ಸಾರ್ ಎಂದ. ಎಲ್ಲರೂ ಹಾಗೇ ಅನ್ನುತ್ತಾರೆ. ಬರೆದು ಕಳಿಸಿದೆ. ಹುಡುಗ ಡಿಬಾರಾದ. ಎರಡು ತಿಂಗಳ ಮೇಲೆ, ಮೈಸೂರಿಗೆ ಓದಲು ಹೊರಟಿದ್ದ ಇನ್ನೊಬ್ಬ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಆ ಚೀಟಿ ತನ್ನದು, ಹೆದರಿ ಕಾಲಿನಿಂದ ಮುಂದಕ್ಕೆ ತಳ್ಳಿದ್ದೆ ಎಂದ. ಹೇಳಿ ಹಗುರಾಗಿ ಬಸ್ಸು ಹತ್ತಿದ. ನಾನು ಪ್ರಿನ್ಸಿಪಾಲರಿಗೆ ಹೇಳಬಹುದಿತ್ತು, ಬೋರ್ಡಿಗೆ ಬರೆಯಬಹುದಿತ್ತು. ಆದೇಶ ಬಂದಾಗಿದೆ, ಇನ್ನೇನೂ ಪ್ರಯೋಜನವಿಲ್ಲ ಎಂದುಕೊಂಡೆ. ಆ ಹುಡುಗ ಮತ್ತೆ ಕಾಲೇಜಿಗೆ ಬರಲಿಲ್ಲ.

ಹೆಂಡತಿಗೆ ಹೇಳಿದೆ. ಧರ್ಮಸ್ಥಳಕ್ಕೆ ಹೋದಾಗ ದೇವರಿಗೆ ಹೇಳಿದೆ. ವರ್ಷಗಳ ಮೇಲೆ ತರಗತಿಗಳಲ್ಲಿ ಹೆಸರು ಹೇಳದೆ ನೀತಿಕತೆಯಾಗಿಯೂ ಹೇಳಿದ್ದೇನೆ. ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ. ಮಾಡಿದ್ದನ್ನು ಹಿಂದಕ್ಕೆ ತರಲಾಗದ ನಮಗೆ ಕ್ಷಮೆಯೊಂದೇ ಬಿಡುಗಡೆ ಎಂದು ಹಾನಾ ಅರೆಂಟ್ ಬರೆದಿದ್ದಾಳೆ. ಅದನ್ನು ನಾನು ಪಾಠವಾಗಿ ಚೆನ್ನಾಗಿಯೇ ಮಾಡುತ್ತಿದ್ದೆ. ಕ್ಷಮೆ ಇಬ್ಬರ ನಡುವೆ ನಡೆಯುವಂಥದು, ಒಬ್ಬನೇ ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ ಎಂಬ ಭಾಗವನ್ನು ಮಾತ್ರ ಬೇಗ ಮುಗಿಸುತ್ತಿದ್ದೆ ಅನ್ನಿಸುತ್ತದೆ.

ಡೆಟ್ರಾಯಿಟ್‌ನ ಆ ಮಧ್ಯಾಹ್ನದ ನಂತರ ನಾನು ಇಂಥ ಕತೆಗಳನ್ನೇ ಹುಡುಕಿ ಓದುತ್ತಿದ್ದೆ. ಅದರಲ್ಲೊಂದು ರಾಲ್ಫ್ ಬ್ರಾಂಕಾನದು. 1951ರ ಅಕ್ಟೋಬರ್ 3ರಂದು ಅವನೆಸೆದ ಚೆಂಡನ್ನು ಬಾಬಿ ಥಾಮ್ಸನ್ ಗ್ಯಾಲರಿಗೆ ಹೊಡೆದು ನ್ಯೂಯಾರ್ಕ್ ಜೈಂಟ್ಸನ್ನು ಗೆಲ್ಲಿಸಿದ. ಬ್ರಾಂಕಾ ಜೀವನಪೂರ್ತಿ ಆ ಹೊಡೆತವನ್ನು ಕೊಟ್ಟವನಾಗಿ ಉಳಿದ. ಆ ಋತುವಿನಲ್ಲಿ ಜೈಂಟ್ಸ್ ತಂಡ ಮೈದಾನದಾಚೆಯ ಕೋಣೆಯಿಂದ ದುರ್ಬೀನು ಹಿಡಿದು ಎದುರಾಳಿಗಳ ಸಂಜ್ಞೆಗಳನ್ನು ಕದಿಯುತ್ತಿತ್ತು ಎಂಬುದು ಪತ್ರಿಕೆಯಲ್ಲಿ ವಿವರವಾಗಿ ಹೊರಬಂದದ್ದು 2001ರಲ್ಲಿ. ಬ್ರಾಂಕಾನಿಗೆ ಅದು 1954ರಲ್ಲೇ ಒಬ್ಬ ಜೊತೆಗಾರನಿಂದ ತಿಳಿದಿತ್ತಂತೆ. ಸೋತವನ ಗೊಣಗಾಟ ಅನ್ನಿಸಿಕೊಳ್ಳಬಾರದೆಂದು ಸುಮ್ಮನಿದ್ದ. ಅಷ್ಟು ವರ್ಷವೂ ಥಾಮ್ಸನ್ ಪಕ್ಕದಲ್ಲಿ ಕೂತು ಅದೇ ಹೊಡೆತದ ಫೋಟೋಗಳ ಮೇಲೆ ಸಹಿ ಹಾಕುತ್ತಿದ್ದ.

ಇದನ್ನು ಓದಿದಾಗ ಒಂದು ಸರಳ ಸಂಗತಿ ಹೊಳೆದು ನಾನು ಬೆವರಿದೆ. ನಾನು ಅಷ್ಟು ವರ್ಷ ಗುಟ್ಟಾಗಿಟ್ಟುಕೊಂಡೆ ಎಂದುಕೊಂಡದ್ದು ಆ ಹುಡುಗನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಚೀಟಿ ತನ್ನದಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಅವನಿಗೆ ಗೊತ್ತಿಲ್ಲದ್ದು ಒಂದೇ: ನನಗೂ ಗೊತ್ತಿದೆ ಎನ್ನುವುದು.

2014ರಿಂದ ಬೇಸ್‌ಬಾಲಿನಲ್ಲಿ ಇಂಥ ತೀರ್ಪುಗಳನ್ನು ಮರುಪ್ರಸಾರ ನೋಡಿ ತಿದ್ದುವ ವ್ಯವಸ್ಥೆ ಬಂದಿದೆ. ಈಗಾಗಿದ್ದರೆ ಎರಡು ನಿಮಿಷದಲ್ಲಿ ಗಲರಾಗಾನಿಗೆ ಅವನದು ಸಿಗುತ್ತಿತ್ತು, ಜಾಯ್ಸ್ ಅಳಬೇಕಿರಲಿಲ್ಲ, ಆ ಮಧ್ಯಾಹ್ನವೂ ಇರುತ್ತಿರಲಿಲ್ಲ. ಯಂತ್ರ ಬಂದು ಮಾನವೀಯತೆ ಹೋಯಿತು ಎಂದು ಕೆಲವರು ಹಲುಬುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕ್ಷಮೆ ಎಷ್ಟೇ ಸುಂದರವಾಗಿರಲಿ, ಅದನ್ನು ನೋಡುವ ಸಲುವಾಗಿ ಇನ್ನೊಬ್ಬನ ನಷ್ಟ ಬಯಸಬಾರದು. ಆ ಪರೀಕ್ಷಾ ಕೋಣೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಒಬ್ಬ ಹುಡುಗನಿಗೆ ಅವನ ವರ್ಷ ಉಳಿಯುತ್ತಿತ್ತು. ನನ್ನ ಅಂತಃಕರಣದ ಕತೆ ಯಾರಿಗೆ ಬೇಕು?

ಅಮೆರಿಕದಿಂದ ಬಂದ ವರ್ಷವೇ ಅವನನ್ನು ಹುಡುಕಿಕೊಂಡು ಹೋದೆ. ಹಳೆಯ ಊರಿನ ಸಂತೆಬೀದಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದ. ತಲೆ ಅರ್ಧ ನೆರೆದಿತ್ತು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದು, ಬನ್ನಿ ಸಾರ್, ಕೂತ್ಕೊಳ್ಳಿ ಎಂದು ಸ್ಟೂಲು ಒರೆಸಿದ. ಎದುರಿನ ಹೋಟೆಲಿನಿಂದ ಕಾಫಿ ತರಿಸಿದ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಮಗಳು ಈ ಸಲ ಪಿಯುಸಿ ಎಂದ. ಪಿಯುಸಿ ಎನ್ನುವಾಗ ಅವನ ದನಿಯಲ್ಲಿ ಏನಾದರೂ ಬದಲಾಯಿತೇ ಎಂದು ಕಿವಿಗೊಟ್ಟೆ, ಗೊತ್ತಾಗಲಿಲ್ಲ. ಗಿರಾಕಿಗಳು ಬಂದರು, ಹೋದರು. ಏನು ಸಾರ್ ಈ ಕಡೆ ಎಂದು ಕೇಳಿದಾಗ, ಹಿತ್ತಿಲಿಗೆ ಒಂದಿಷ್ಟು ಬೀನ್ಸ್ ಬೀಜ ಬೇಕಿತ್ತು ಎಂದೆ. ಕಟ್ಟಿಕೊಟ್ಟ. ನಿಮ್ಮ ಹತ್ರ ದುಡ್ಡು ತಗೊಳ್ಳೋದಾ ಎಂದು ಕೈ ಹಿಂದಕ್ಕೆ ಎಳೆದುಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.